ಬನ್ನಿ ಅನ್ನಬೇಕಿತ್ತು

ಬಿಸಿನೀರಿನ ಬುಗ್ಗೆಯ ಆ ಊರಿನಲ್ಲಿ ಹದಿನಾಲ್ಕು ವಸತಿಗೃಹಗಳಿದ್ದವು. ಹದಿಮೂರರಲ್ಲಿ ಬಾಗಿಲಲ್ಲಿ ಬಿಟ್ಟ ಬೂಟಿಗೆ ನಂಬರಿನ ಬಿಲ್ಲೆ ಕೊಡುತ್ತಿದ್ದರು. ಮಾತ್ಸುಕಾಗೆ ಎಂಬ ಹದಿನಾಲ್ಕನೆಯದರಲ್ಲಿ ಮಾತ್ರ ಕೊಡುತ್ತಿರಲಿಲ್ಲ. ಅಲ್ಲಿ ಕಿಸಾಬುರೊ ಇದ್ದ.

ಕೆಲಸ ಹೇಳಿಕೊಳ್ಳುವುದಕ್ಕೆ ಸಣ್ಣದು. ಬಂದವರ ಬೂಟು ತೆಗೆದಿಡಬೇಕು, ಹೊರಟವರ ಮುಂದೆ ಅವರವರ ಬೂಟು ಜೋಡಿಸಬೇಕು. ಆದರೆ ಕೇಳಿ ಕೊಡುವುದಲ್ಲ, ಮುಖ ನೋಡಿ ಕೊಡುವುದು. ಅತಿಥಿ ಮಹಡಿಯ ಮೆಟ್ಟಿಲಿಳಿದು ಬಾಗಿಲಿಗೆ ಬರುವಷ್ಟರಲ್ಲಿ ಅವರ ಬೂಟು ಮೂತಿ ಹೊರಗೆ ಮಾಡಿಕೊಂಡು ಕಾದಿರಬೇಕು. ಬಂದಾಗ ಕೋಟು ಟೈ ಹಾಕಿಕೊಂಡಿದ್ದವರು ಒಂದು ಗಂಟೆಯೊಳಗೆ ಮನೆಯವರೇ ಕೊಡುವ ನೀಲಿ ಬಿಳಿ ಯುಕಾತಾ ನಿಲುವಂಗಿ ಸುತ್ತಿಕೊಂಡು, ಸ್ನಾನ ಮಾಡಿ ಕೆಂಪಗಾಗಿ, ಕನ್ನಡಕ ಬಿಟ್ಟು, ಒದ್ದೆ ತಲೆಯಲ್ಲಿ ಇಳಿದು ಬರುತ್ತಾರೆ. ಆಗ ಹೆತ್ತ ತಾಯಿಗೂ ಗುರುತು ಸಿಗುವುದು ಕಷ್ಟ. ಕಿಸಾಬುರೊಗೆ ಸಿಗುತ್ತಿತ್ತು. “‘ನಿಮ್ಮದು ಯಾವುದು’ ಅಂತ ಕೇಳಿದ ದಿನ ಕೆಲಸ ಬಿಟ್ಟು ಮನೆಗೆ ಹೋಗು” ಎಂದು ಅವನಿಗೆ ಕೆಲಸ ಕಲಿಸಿದ ಹಳೆಯ ಬೂಟಿನವ ಹೇಳಿ ಸತ್ತಿದ್ದ. ಐವತ್ತೊಂದು ವರ್ಷದಲ್ಲಿ ಕಿಸಾಬುರೊ ಒಮ್ಮೆಯೂ ಕೇಳಿರಲಿಲ್ಲ.

ಆ ಹಳಬ ಇನ್ನೊಂದನ್ನೂ ಕಲಿಸಿದ್ದ. ಮೊದಲ ಸಲ ಬಂದವರಿಗೆ ‘ಬನ್ನಿ’ ಅನ್ನಬೇಕು. ಹಿಂದೆ ಬಂದಿದ್ದವರಿಗೆ, ಸಂಜೆ ಮನೆಗೆ ಮರಳಿದವರನ್ನು ಕೇಳುವ ಹಾಗೆ, ‘ಬಂದ್ರಾ’ ಅನ್ನಬೇಕು. ಆ ಒಂದು ‘ಬಂದ್ರಾ’ ಕೇಳಿಸಿಕೊಳ್ಳುವುದಕ್ಕೆಂದೇ ಎರಡನೆಯ ಸಲ ಬರುವವರಿದ್ದರು. ಆದರೆ ಗಂಡಸೊಬ್ಬ ಹೆಂಗಸಿನ ಜೊತೆ ಬಂದರೆ, ಅವನು ಇಪ್ಪತ್ತನೆಯ ಸಲ ಬಂದಿದ್ದರೂ ಸರಿ, ‘ಬನ್ನಿ’ಯೇ. ಅವನಾಗಿ ಬಾಯಿ ಬಿಡುವವರೆಗೆ ಅವನು ಹೊಸಬನೇ. ಕಾರಣ ಬಿಡಿಸಿ ಹೇಳಬೇಕಾಗಿಲ್ಲ. ಬುಗ್ಗೆಯ ಊರಿಗೆ ಪ್ರತಿ ಸಲವೂ ಅದೇ ಹೆಂಗಸಿನ ಜೊತೆ ಬರುತ್ತೇವೆಂದು ಗಂಡಸರು ಯಾರಿಗೂ ಆಣೆ ಮಾಡಿಕೊಟ್ಟಿಲ್ಲ.

ಎಪ್ಪತ್ತೆರಡು ತುಂಬಿದ ಮೇಲೆ ಕಿಸಾಬುರೊಗೆ ಮುಖಗಳು ಜಾರತೊಡಗಿದವು. ಕಣ್ಣು ಚೆನ್ನಾಗಿಯೇ ಇತ್ತು. ಹೊಲಿಗೆ ಬಿಟ್ಟ ಅಟ್ಟೆಯನ್ನು ಆರು ಮಾರು ದೂರದಿಂದ ಹೇಳುತ್ತಿದ್ದ. ಮೂಗು ಕಾಣುತ್ತಿತ್ತು, ಹುಬ್ಬು ಕಾಣುತ್ತಿತ್ತು, ಎರಡೂ ಸೇರಿ ಒಬ್ಬ ಮನುಷ್ಯ ಆಗುತ್ತಿರಲಿಲ್ಲ. ಅವನು ಯಾರಿಗೂ ಹೇಳಲಿಲ್ಲ. ಸಣ್ಣ ಸಣ್ಣ ಚೀಟಿ ಬರೆದು ಬೂಟಿನೊಳಗೆ ಹೆಬ್ಬೆರಳಿನ ಜಾಗದಲ್ಲಿ ತುರುಕತೊಡಗಿದ. ‘ಬಿದಿರು ಕೋಣೆ, ಕುಳ್ಳ, ಬಲಗೆನ್ನೆಗೆ ಮಚ್ಚೆ.’ ‘ಕೊಕ್ಕರೆ ಕೋಣೆ, ಉದ್ದ ಕುತ್ತಿಗೆ.’ ಅತಿಥಿ ಬರುವ ಸದ್ದಾದರೆ ಚೀಟಿ ನೋಡಿ ಅಂಗಿಯ ತೋಳೊಳಗೆ ಸೇರಿಸುವುದು. ಎರಡು ವರ್ಷ ಹೀಗೆ ಕದ್ದು ಸಾಗಿಸಿದ. ಬೇರೆಯವರು ಮಾಡಿದ್ದರೆ ಅದನ್ನು ಜಾಣತನ ಅನ್ನಬಹುದಿತ್ತೇನೋ; ಅವನಿಗೆ ಮಾತ್ರ ದಿನವೂ ಉಂಡ ಮನೆಗೆ ಎರಡು ಬಗೆದಂತೆ ಅನ್ನಿಸುತ್ತಿತ್ತು.

ಇನ್ನೊಂದು ವಿಚಿತ್ರವೂ ನಡೆಯುತ್ತಿತ್ತು, ಅದನ್ನು ಅವನು ಮನಸ್ಸಿಗೆ ಹಚ್ಚಿಕೊಂಡಿರಲಿಲ್ಲ. ಮೀನಂಗಡಿಯ ಮುಂದೆ ಯಾರೋ ದಾರಿಹೋಕನನ್ನು ಕಂಡು ಸೊಂಟ ಬಗ್ಗಿಸಿ ನಮಸ್ಕರಿಸಿದ್ದ. ಬಸ್ಸಿನಲ್ಲಿ ಯಾವುದೋ ಹೆಂಗಸನ್ನು ಮಗಳು ಹೇಗಿದ್ದಾಳೆಂದು ಕೇಳಿದ್ದ. ಗೊತ್ತಿರುವ ಮುಖ ಮರೆತುಹೋಗುವುದು ಮುದಿತನದ ಒಂದು ಆಟ. ಗೊತ್ತೇ ಇಲ್ಲದ ಮುಖ ಗೊತ್ತಿರುವ ಹಾಗೆ ಬಂದು ನಗುವುದು ಇನ್ನೊಂದು ಆಟ, ಮತ್ತು ಕೆಟ್ಟದ್ದು ಅದೇ.

ಅಕ್ಟೋಬರಿನ ಒಂದು ಮಧ್ಯಾಹ್ನ ಬಡಗಿಯೊಬ್ಬ ಬಂದು ಬಾಗಿಲ ಪಕ್ಕದ ಗೋಡೆಗೆ ಟೇಪು ಹಿಡಿದು ಅಳೆಯುತ್ತಿದ್ದ. ಮನೆಯೊಡತಿ ಫುಸಾಯೆ ಬೀಗದ ಗೂಡುಗಳನ್ನು ಮಾಡಿಸಬೇಕೆಂದಿದ್ದಳು. “ನಿಮ್ಮನ್ನ ಬಿಡಿಸ್ತೀನಿ ಅಂತಲ್ಲ ಕಿಸಾ-ಸಾನ್, ನಿಮಗೂ ವಯಸ್ಸಾಯ್ತು, ಮುಂದಕ್ಕೆ ಒಂದು ವ್ಯವಸ್ಥೆ ಬೇಕಲ್ಲ” ಎಂದಿದ್ದಳು. ಕಿಸಾಬುರೊ ಬಡಗಿಯ ಟೇಪಿನ ಟಿಕ್ಕೆನ್ನುವ ಸದ್ದಿಗೆ ಹಲ್ಲು ಕಚ್ಚಿಕೊಂಡು ಕೂತಿದ್ದ.

ಆಗ ಅರಿಮುರಾ ದಂಪತಿ ಒಳಗೆ ಬಂದರು. ಅರವತ್ತು ದಾಟಿದ ಗಂಡ, ಉಬ್ಬುಹಲ್ಲಿನ ಸೌಮ್ಯ ಮುಖ. ಹೆಂಡತಿ ಚಿಯೊಕೊ, ಕಿವಿಯ ಹತ್ತಿರ ಬೆಳ್ಳಗಾದ ಕೂದಲು, ಬೂದು ಬಣ್ಣದ ಕೋಟು. ಗಂಡ ಬಗ್ಗಿ ಬೂಟು ಬಿಚ್ಚುತ್ತ ತಲೆ ಎತ್ತಿದ. ಕಿಸಾಬುರೊನ ಎದೆಯೊಳಗೆ ಗಂಟೆ ಹೊಡೆಯಿತು. ಹಿಂದೆಲ್ಲ ದಿನಕ್ಕೆ ಹತ್ತು ಸಲ ಹೊಡೆಯುತ್ತಿದ್ದ ಗಂಟೆ, ಎಷ್ಟೋ ತಿಂಗಳಿಂದ ಮೂಕವಾಗಿದ್ದ ಗಂಟೆ. ಈ ಮನುಷ್ಯ ಗೊತ್ತು. ಚೀಟಿಯ ಹಂಗಿಲ್ಲದೆ ಗೊತ್ತು. ಸಂತೋಷಕ್ಕೆ ಮುದುಕನ ಕಣ್ಣು ಮಂಜಾಯಿತು. ಪಕ್ಕದಲ್ಲಿ ಬಡಗಿ ಇದ್ದನಲ್ಲ, ಅವನಿಗೂ ಕೇಳಲಿ ಎಂದು ಗಟ್ಟಿಯಾಗಿಯೇ ಅಂದ:

“ಬಂದ್ರಾ! ಪ್ಲಮ್ ಹೂ ಬಿಟ್ಟಾಗ ಬಂದಿದ್ರಲ್ಲ, ಎಡಗಾಲಿನ ಹಿಮ್ಮಡಿ ಹುಣ್ಣು ವಾಸಿ ಆಯ್ತಾ?”

ಅರಿಮುರಾ ಬಗ್ಗಿದವನು ಬಗ್ಗಿದಂತೆಯೇ ನಿಂತ. “ನಾನಾ? ನಾನು ಇಲ್ಲಿಗೆ ಬರ್ತಿರೋದು ಇದೇ ಮೊದಲು.”

ಕಿಸಾಬುರೊಗೆ ಹಳಬ ಹೇಳಿದ ನಿಯಮ ಆಗ ನೆನಪಾಯಿತು. ಹೆಂಗಸು ಜೊತೆಗಿದ್ದಾಳೆ. ಗಾಬರಿಯಲ್ಲಿ ಅವನು ಕಲಿತದ್ದನ್ನೇ ಮಾಡಿದ. ಹಣೆ ನೆಲಕ್ಕೆ ತಾಗುವಷ್ಟು ಬಗ್ಗಿ, “ಅಯ್ಯೋ, ಕ್ಷಮಿಸಿ ಸ್ವಾಮಿ, ಮುದುಕನ ಅರಳುಮರುಳು, ಬೇರೆ ಯಾರನ್ನೋ ನೆನೆಸಿಕೊಂಡೆ, ಬನ್ನಿ ಬನ್ನಿ” ಎಂದು ಒಂದೇ ಉಸಿರಿಗೆ ಹೇಳಿದ. ಅತಿಥಿಯ ಗುಟ್ಟನ್ನು ಮುಚ್ಚುವಾಗ ಇಂಥ ಮನೆಗಳಲ್ಲಿ ಹೇಳುವ ಮಾತು, ಹೇಳುವ ಧಾಟಿ ಅದೇ. ಚಿಯೊಕೊಳ ತಾಯಿ ಬೇರೊಂದು ಬುಗ್ಗೆಯ ಊರಿನಲ್ಲಿ ಮೂವತ್ತು ವರ್ಷ ಪರಿಚಾರಿಕೆಯಾಗಿದ್ದವಳು. ಮಗಳಿಗೆ ಆ ಧಾಟಿ ಎದೆಹಾಲಿನ ಜೊತೆಗೇ ಬಂದಿತ್ತು. ಅವಳು ಮುದುಕನನ್ನು ನೋಡಿದಳು, ಗಂಡನನ್ನು ನೋಡಿದಳು, ಬೂಟು ಬಿಚ್ಚಿದಳು.

ಸಂಜೆ ಪರಿಚಾರಿಕೆ ಮಿನೆ ಊಟದ ತಟ್ಟೆಗಳನ್ನು ಇಳಿಸಿಕೊಂಡು ಬಂದಳು. ಇಪ್ಪತ್ತು ವರ್ಷದಿಂದ ಆ ಮನೆಯಲ್ಲಿದ್ದವಳು, ಬಾಯಿ ಮಾತ್ರ ಹೊಸದಾಗಿ ಸಾಣೆ ಹಿಡಿದ ಕತ್ತಿ.

“ಕಿಸಾಜ್ಜ, ಮಧ್ಯಾಹ್ನ ಬಂದೋರು ಕೊಕ್ಕರೆ ಕೋಣೇಲಿ ಮೀನು ಮುಟ್ಟಿಲ್ಲ, ಅನ್ನ ಮುಟ್ಟಿಲ್ಲ. ಆಯಮ್ಮ ತನ್ನ ಹಾಸಿಗೆ ಎಳ್ಕೊಂಡು ಹೋಗಿ ಕಿಟಕಿ ಪಕ್ಕ ಹಾಕ್ಕೊಂಡಿದ್ದಾಳೆ. ನಾಳೆ ಒಂಬತ್ತರ ಬಸ್ಸಿಗೆ ಒಬ್ಬಳೇ ಹೋಗ್ತಾಳಂತೆ. ಊರಿಗಲ್ಲ, ಅಕ್ಕನ ಮನೆಗೆ. ವಾಪಸ್ ಬರಲ್ಲ ಅಂದ್ಲು.”

“ಯಾಕಂತೆ?”

“ಯಾಕೆ ಅಂತ ನೀವು ಕೇಳ್ತೀರಲ್ಲ, ಅದು ಚಂದ. ಫೆಬ್ರವರೀಲಿ ಆ ಗಂಡಸು ಕಂಪನಿ ಕೆಲಸ ಅಂತ ಎರಡು ದಿನ ಎಲ್ಲೋ ಹೋಗಿದ್ನಂತೆ. ಪ್ಲಮ್ ಹೂ ಬಿಡೋದು ಫೆಬ್ರವರೀಲೇ ತಾನೆ? ಸರೀ ಆಯ್ತು.” ಮಿನೆ ತಟ್ಟೆ ಕೆಳಗಿಟ್ಟಳು. “ಅಲ್ಲ ಅಜ್ಜ, ಹಿಮ್ಮಡಿ ಹುಣ್ಣಿನವರು ಹೆಂಡದಂಗಡಿ ಕುವಾಬಾರಾ-ಸಾನ್ ಅಲ್ವಾ? ನಾನೇ ಪಟ್ಟಿ ಕಟ್ಟಿದ್ದು. ಅವರು ಪೀಪಾಯಿ ಇದ್ದ ಹಾಗಿದ್ದಾರೆ. ಇವರು ಬಿದಿರು ಕೋಲು. ಅವರನ್ನ ಇವರು ಅಂತ ಹೇಗಂದ್ರಿ?”

ಕಿಸಾಬುರೊಗೆ ಕುವಾಬಾರಾನ ಹಿಮ್ಮಡಿ ನೆನಪಾಯಿತು, ಕಂದು ಬೂಟು ನೆನಪಾಯಿತು, ಸವೆದ ಲೇಸು ನೆನಪಾಯಿತು. ಮುಖ ಇರಬೇಕಾದ ಜಾಗದಲ್ಲಿ ಏನೂ ಇರಲಿಲ್ಲ. ಆ ಖಾಲಿ ಜಾಗಕ್ಕೆ ಮಧ್ಯಾಹ್ನ ಬಂದ ಯಾರೋ ಪಾಪದವನ ಮುಖವನ್ನು ಅವನೇ ತಂದು ಅಂಟಿಸಿದ್ದ. ಹಾಗಾದರೆ ಗಂಟೆ ಹೊಡೆದದ್ದು? ಮೀನಂಗಡಿಯ ದಾರಿಹೋಕ, ಬಸ್ಸಿನ ಹೆಂಗಸು, ಎಲ್ಲರೂ ಸಾಲಾಗಿ ಬಂದು ಎದುರು ನಿಂತರು.

“ಒಕಾಮಿಗೆ ಹೇಳಬೇಡ” ಎಂದ.

“ನಾನು ಹೇಳಲ್ಲ. ನೀವು ಹೇಳಿ” ಎಂದಳು ಮಿನೆ, ಈ ಸಲ ನಗದೆ.

ಹೇಳುವುದೆಂದರೆ ಏನು? ಒಡತಿಯಾದ ಒಕಾಮಿಗೆ ಗೊತ್ತಾಗುತ್ತದೆ, ಚೀಟಿಗಳು ಗೊತ್ತಾಗುತ್ತವೆ, ನಾಳೆಯೇ ಬಡಗಿ ಬರುತ್ತಾನೆ. ಹೆಂಡತಿ ಸತ್ತು ಒಂಬತ್ತು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಆ ಮೂರು ಮೊಳದ ಬಾಗಿಲೇ ಅವನ ಸಂಸಾರ. ಅದನ್ನು ಬಿಟ್ಟರೆ ಅವನು ಊರಿನ ಮುದುಕರಲ್ಲಿ ಒಬ್ಬ ಮುದುಕ. ಒಂದು ಕಡೆ ಅದು, ಇನ್ನೊಂದು ಕಡೆ ಮುಖವೇ ಗೊತ್ತಿಲ್ಲದವರಿಬ್ಬರ ಬಾಳು. ಯಾವುದು ದೊಡ್ಡದೆಂದು ಅವನಿಗೆ ಚೆನ್ನಾಗಿಯೇ ಗೊತ್ತಿತ್ತು. ಗೊತ್ತಿದ್ದೂ ಅಲ್ಲೇ ಕೂತಿದ್ದ, ಯಾರದೋ ಬೂಟಿಗೆ ಬೇಡದ ಪಾಲಿಶು ಹಾಕುತ್ತ.

ಸ್ವಲ್ಪ ಹೊತ್ತಿಗೆ ಯುಕಾತಾದ ಮೇಲೊಂದು ಶಾಲು ಹೊದ್ದುಕೊಂಡ ಗಂಡಸೊಬ್ಬ ಮೆಟ್ಟಿಲಿಳಿದು ಬಂದು ಅವನ ಪಕ್ಕದಲ್ಲಿ, ಕೆಲಸದವನ ಪಕ್ಕದಲ್ಲಿ, ನೆಲದ ಮೇಲೆಯೇ ಕೂತ. ತಾನು ಅರಿಮುರಾ ಎಂದು ಹೇಳಿಕೊಂಡ ಮೇಲೆಯೇ ಕಿಸಾಬುರೊಗೆ ತಿಳಿದದ್ದು.

“ಅಜ್ಜ, ಸರಿಯಾಗಿ ನೆನಪು ಮಾಡ್ಕೊಳ್ಳಿ. ನೀವು ನೋಡಿದ್ದು ನನ್ನನ್ನೇನಾ?”

ಕಿಸಾಬುರೊ ಬ್ರಶ್ಶು ನಿಲ್ಲಿಸಿದ.

“ಫೆಬ್ರವರೀಲಿ ನಾನು ನನ್ನ ತಮ್ಮನ ಹತ್ರ ಹೋಗಿದ್ದೆ. ಆಸ್ಪತ್ರೇಲಿದ್ದ. ನಮ್ಮನೆಯವಳಿಗೂ ಅವನಿಗೂ ಹದಿನೈದು ವರ್ಷದಿಂದ ಮಾತಿಲ್ಲ. ಹೇಳಿದ್ರೆ ಬೇಜಾರು ಮಾಡ್ಕೊತಾಳೆ ಅಂತ ಕಂಪನಿ ಕೆಲಸ ಅಂದೆ. ಅದೊಂದೇ ಸುಳ್ಳು ನಾನು ಹೇಳಿದ್ದು. ಇವತ್ತು ನೀವು ಹಾಗಂದಾಗ ನನ್ನ ಮುಖ ಬಿಳಿಚಿಕೊಂಡಿರಬೇಕು. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗಾಯ್ತು. ಈಗ ತಮ್ಮನ ವಿಷಯ ಹೇಳಿದ್ರೆ ಅದನ್ನೂ ಈಗಲೇ ಕಟ್ಟಿದ್ದು ಅಂತಾಳೆ.” ಅವನು ಕೈಯಿಂದ ಮುಖ ಉಜ್ಜಿಕೊಂಡ. “ಅವಳ ಮುಖ ನೋಡಿ ನೋಡಿ ನನಗೇ ಅನುಮಾನ ಬರ್ತಿದೆ, ನಾನು ಬಂದಿದ್ನೇನೋ ಅಂತ.”

ಬಾಯಿ ತೆರೆಯಲು ಅದಕ್ಕಿಂತ ಸುಲಭದ ಗಳಿಗೆ ಇನ್ನೊಂದು ಬರಲಾರದು. ಕಿಸಾಬುರೊ ತೆರೆದೂ ತೆರೆದ. ಅಷ್ಟರಲ್ಲಿ ಒಳಗಿನಿಂದ ಫುಸಾಯೆ ಬಂದಳು. ಅತಿಥಿಯನ್ನು ಕಂಡು ಬಗ್ಗಿ, ನಗುನಗುತ್ತ ಅಂದಳು:

“ನಮ್ಮ ಕಿಸಾ-ಸಾನ್ ಜೊತೆ ಹರಟೆನಾ? ಈಗ ತಾನೇ ನಿಮ್ಮನೆಯವರು ಕೇಳ್ತಿದ್ರು, ಬಾಗಿಲಲ್ಲಿರೋ ಅಜ್ಜನಿಗೆ ಮರೆವು ಗಿರೆವು ಉಂಟಾ ಅಂತ. ನಾನಂದೆ, ಐವತ್ತೊಂದು ವರ್ಷದಲ್ಲಿ ಒಂದೇ ಒಂದು ಮುಖ ತಪ್ಪಿಲ್ಲ ತಾಯಿ, ನನ್ನ ಹೆಸರು ನಾನು ಮರೆತೇನು, ಇವರು ಮರೆಯಲ್ಲ ಅಂತ.”

ಮಧ್ಯಾಹ್ನ ಬಾಗಿಲಲ್ಲಿ ನಡೆದದ್ದು ಅವಳಿಗೆ ತಿಳಿದೇ ಇರಲಿಲ್ಲ. ಹೊಗಳುತ್ತಿದ್ದೇನೆಂದು ಹೊಗಳಿದ್ದಳು. ಅರಿಮುರಾ ಮುದುಕನ ಮುಖವನ್ನೇ ನೋಡಿದ. ಮುದುಕ ಕೈಯಲ್ಲಿದ್ದ ಬೂಟನ್ನು ನೋಡಿದ.

“ನೆನಪಿಲ್ಲ ಸ್ವಾಮಿ” ಎಂದ ಕಿಸಾಬುರೊ. “ಏನೂ ನೆನಪಿಲ್ಲ.”

ಅರಿಮುರಾ ಎದ್ದು, ಉಪಕಾರ ಮಾಡಿದವರಿಗೆ ಬಗ್ಗುವಂತೆ ಬಗ್ಗಿ, ಮೆಟ್ಟಿಲು ಹತ್ತಿದ. ಆ ಬಗ್ಗುವಿಕೆಯಿಂದ ಕಿಸಾಬುರೊಗೆ ಹೊಡೆತಕ್ಕಿಂತ ಹೆಚ್ಚು ನೋವಾಯಿತು. ಗೊತ್ತಿಲ್ಲದೆ ಆಡಿದ್ದು ಮಧ್ಯಾಹ್ನದ ಮಾತು; ಗೊತ್ತಿದ್ದೂ ಆಡದೆ ಇದ್ದದ್ದು ಸಂಜೆಯ ಮಾತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಆಡದ ಮಾತಿನಿಂದಲೂ ಒಂದು ಸಂಸಾರ ಒಡೆಯುತ್ತದೆಂದು ಅವನಿಗೆ ಎಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ತಿಳಿಯಿತು. ಆ ರಾತ್ರಿ ಅವನು ಊಟ ಮಾಡಲಿಲ್ಲ.

ಬೆಳಿಗ್ಗೆ ಐದಕ್ಕೇ ಬಂದು ಕಲ್ಲುಹಾಸು ತೊಳೆದ. ಹೇಳಿಬಿಡುವುದೆಂದು ತೀರ್ಮಾನಿಸಿದ್ದ, ಗಂಡನಿಗಲ್ಲ, ನೇರ ಆಕೆಗೇ. ಬೂಟುಗಳ ಒಳಗಿಂದ ಒಂದೊಂದೇ ಚೀಟಿ ತೆಗೆದು ತೋಳೊಳಗೆ ತುಂಬಿಕೊಂಡ, ನಂಬದಿದ್ದರೆ ತೋರಿಸಬೇಕೆಂದು. ಮಿನೆಗೆ ವಿಷಯ ತಿಳಿಸಿದಾಗ ಅವಳು ತಲೆಯಾಡಿಸಿದಳು.

“ನಂಬಲ್ಲ ಅಜ್ಜ. ಆಯಮ್ಮನ ತಾಯಿ ಇದೇ ಕಸುಬಿನವಳು. ರಾತ್ರಿಯೆಲ್ಲ ಗಂಡಸು ಕಾಲು ಹಿಡಿದು ನಿಮ್ಮ ಹತ್ರ ಸುಳ್ಳು ಹೇಳಿಸ್ತಿದ್ದಾನೆ ಅಂದ್ಕೊತಾಳೆ. ನಾವು ಅತಿಥಿ ಮಾನ ಕಾಯೋಕೆ ಎಷ್ಟು ಸುಳ್ಳು ಹೇಳಿದೀವಿ, ಲೆಕ್ಕ ಇದೆಯಾ? ಈಗ ನಿಜ ಹೇಳಿದ್ರೆ ಅದೂ ಅಂಥದ್ದೇ ಸುಳ್ಳು ಅಂತಾಳೆ.”

“ನಂಬದಿದ್ರೆ ಬೇಡ. ನಾನು ಹೇಳಬೇಕು.”

ಎಂಟೂವರೆಗೆ ಮೆಟ್ಟಿಲ ಮೇಲೆ ಸದ್ದಾಯಿತು. ಯುಕಾತಾ ಬಿಟ್ಟು ತಮ್ಮ ತಮ್ಮ ಬಟ್ಟೆಗೆ ಮರಳಿದ ಅತಿಥಿಗಳು ಹೊರಡುವ ಹೊತ್ತು. ಕೈಚೀಲ ಹಿಡಿದು ಹೆಂಗಸೊಬ್ಬಳು ಇಳಿದು ಬಂದಳು. ಬೂದು ಬಣ್ಣದ ಕೋಟು. ಕಿವಿಯ ಹತ್ತಿರ ಬಿಳಿ ಕೂದಲು. ಅತ್ತು ಊದಿದ ಕಣ್ಣು. ಕಿಸಾಬುರೊನ ಎದೆಯೊಳಗೆ ಗಂಟೆ ಹೊಡೆಯಿತು, ಸ್ಪಷ್ಟವಾಗಿ, ಖಚಿತವಾಗಿ. ಅವನು ಕಲ್ಲುಹಾಸಿನ ಮೇಲೆಯೇ ಮೊಣಕಾಲೂರಿ ಎರಡೂ ಅಂಗೈ ನೆಲಕ್ಕೆ ಹಚ್ಚಿ ಹಣೆ ತಾಗಿಸಿದ.

“ತಾಯಿ, ಬಸ್ಸಿಗೆ ಮುಂಚೆ ಒಂದು ಮಾತು ಕೇಳಿ. ನಿಮ್ಮ ಯಜಮಾನರು ಇಲ್ಲಿಗೆ ಯಾವತ್ತೂ ಬಂದಿರಲಿಲ್ಲ. ಬಂದಿದ್ದು ಹೆಂಡದಂಗಡಿಯವರೊಬ್ಬರು. ಪೀಪಾಯಿ ಹಾಗಿರೋರು. ನನಗೆ ಎರಡು ವರ್ಷದಿಂದ ಯಾರ ಮುಖಾನೂ ಗುರುತು ಸಿಗಲ್ಲ. ಬೂಟಿನಲ್ಲಿ ಚೀಟಿ ಇಟ್ಟು ಎಲ್ಲರನ್ನೂ ಏಮಾರಿಸ್ತಿದ್ದೀನಿ, ಒಕಾಮಿಯನ್ನೂ. ನಿನ್ನೆ ಸಂಜೆ ನಿಮ್ಮ ಯಜಮಾನರು ಬಂದು ಕೇಳಿದಾಗ್ಲೂ ನನಗೆ ನಿಜ ಗೊತ್ತಿತ್ತು. ಕೆಲಸ ಹೋಗುತ್ತೆ ಅಂತ ಬಾಯಿ ಮುಚ್ಕೊಂಡೆ. ಅವರು ಸುಳ್ಳು ಹೇಳಿಲ್ಲ. ಫೆಬ್ರವರೀಲಿ ತಮ್ಮನನ್ನ ನೋಡೋಕೆ ಆಸ್ಪತ್ರೆಗೇ ಹೋಗಿದ್ರು. ನನ್ನಿಂದಾಗಿ ಅವರನ್ನ ಬಿಡಬೇಡಿ ತಾಯಿ.”

ತೋಳಿನಿಂದ ಚೀಟಿಗಳು ಉದುರಿ ಒದ್ದೆ ಕಲ್ಲಿಗೆ ಅಂಟಿಕೊಂಡವು. ಆ ಹೆಂಗಸು ಕೈಚೀಲವನ್ನು ಎದೆಗೊತ್ತಿಕೊಂಡು, ಮಗುವಿಗೆ ಹೇಳುವಂತೆ ಮೆಲ್ಲಗೆ ಅಂದಳು:

“ಅಜ್ಜ, ನಾನು ಬಿದಿರು ಕೋಣೆಯವಳು. ನನಗೆ ಮದುವೇನೇ ಆಗಿಲ್ಲ. ಈ ಕಣ್ಣು ನೆಗಡಿಯಿಂದ ಹೀಗಾಗಿರೋದು.”

ಕಿಸಾಬುರೊ ತಲೆ ಎತ್ತಿದ. ಹೆಂಗಸಿನ ಹಿಂದೆ, ಮೆಟ್ಟಿಲ ಕೊನೆಯಲ್ಲಿ, ಇನ್ನೊಬ್ಬಳು ನಿಂತಿದ್ದಳು. ಅವಳ ಹಿಂದೆ ನಾಲ್ಕು ಮೆಟ್ಟಿಲು ಮೇಲೆ ಒಬ್ಬ ಗಂಡಸು. ಒಳಬಾಗಿಲಲ್ಲಿ ಫುಸಾಯೆ, ಅವಳ ಕಣ್ಣು ನೆಲದ ಮೇಲಿನ ಚೀಟಿಗಳ ಮೇಲೆ. ಅವನಿಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. ಕ್ಷಮೆ ಕೇಳುವುದಕ್ಕೂ ತನಗೆ ಯೋಗ್ಯತೆ ಉಳಿದಿಲ್ಲವಲ್ಲ ಎಂದುಕೊಂಡ.

ಇನ್ನೊಬ್ಬಳು ಬಂದು ಬಾಗಿಲ ಕಟ್ಟೆಯ ಮೇಲೆ ಅವನೆದುರಿಗೆ ಕೂತಳು. ಅವಳ ಕೋಟು ಕಪ್ಪು. ಬೂದು ಕೋಟು ಚೀಲದೊಳಗಿತ್ತೋ ಏನೋ. ಕೂದಲು ಎತ್ತಿ ಕಟ್ಟಿದ್ದಳು.

“ನನ್ನ ಮುಖ ನೋಡಿ” ಎಂದಳು. “ನಾನು ಯಾರು?”

ಕಿಸಾಬುರೊ ನೋಡಿದ. ಹಣೆ, ಮೂಗು, ತುಟಿಯ ಪಕ್ಕದ ಗೆರೆ. ಬಹಳ ಹೊತ್ತು ನೋಡಿದ. ಇವಳೇ ಇರಬೇಕೆಂದು ಬುದ್ಧಿ ಹೇಳುತ್ತಿತ್ತು, ಮುಖ ಮಾತ್ರ ಏನೂ ಹೇಳುತ್ತಿರಲಿಲ್ಲ. ಊಹೆ ಮಾಡಿ ಹೇಳಿದರೆ ಅದು ಇನ್ನೊಂದು ಚೀಟಿ ಇಟ್ಟಂತೆಯೇ.

“ಗೊತ್ತಾಗ್ತಿಲ್ಲ ತಾಯಿ.”

“ಅಲ್ಲಿ ಹಿಂದೆ ನಿಂತಿದ್ದಾರಲ್ಲ, ಅವರು?”

“ಅವರೂ ಗೊತ್ತಿಲ್ಲ.”

ಚಿಯೊಕೊ ಬಗ್ಗಿ ಕಲ್ಲಿನಿಂದ ಒಂದು ಚೀಟಿ ಬಿಡಿಸಿ ತೆಗೆದು ಓದಿದಳು. ‘ಕೊಕ್ಕರೆ ಕೋಣೆ, ಗಂಡಸು, ಉಬ್ಬುಹಲ್ಲು, ಹಳೇ ಗಿರಾಕಿ.’ ‘ಹಳೇ ಗಿರಾಕಿ’ಯನ್ನು ಹೊಡೆದುಹಾಕಿ ಪಕ್ಕದಲ್ಲಿ ‘ಅಲ್ಲ’ ಎಂದು ಬರೆದಿತ್ತು. ಅದನ್ನು ಮಡಚಿದಳು. ಆಮೇಲೆ ಹಿಂದಕ್ಕೆ ತಿರುಗದೆಯೇ ಕೇಳಿದಳು:

“ನಿಮ್ಮ ತಮ್ಮ ಹೇಗಿದ್ದಾರೆ?”

ಮೆಟ್ಟಿಲ ಮೇಲಿದ್ದ ಅರಿಮುರಾ ಒಂದು ಮೆಟ್ಟಿಲು ಇಳಿದ. “ಒಂದು ಪಕ್ಕ ಸ್ವಾಧೀನ ಇಲ್ಲ. ಮಾತು ಬರುತ್ತೆ. ನಿನ್ನನ್ನ ಕೇಳ್ದ.”

“ಅದನ್ನ ಫೆಬ್ರವರೀಲೇ ಹೇಳೋಕೆ ಏನಾಗಿತ್ತು” ಎಂದಳು ಚಿಯೊಕೊ. ದನಿ ಒಡೆದಿತ್ತು, ಕೋಪ ಮಾತ್ರ ಮನೆಯ ಕೋಪವಾಗಿತ್ತು.

ಅವಳು ಕಿಸಾಬುರೊಗೆ ಕ್ಷಮಿಸಿದೆ ಎನ್ನಲಿಲ್ಲ. ಅವನೂ ಕೇಳಲಿಲ್ಲ. ಫುಸಾಯೆ ಇಳಿದು ಬಂದು ತನ್ನ ಕೈಯಿಂದಲೇ ಉಳಿದ ಚೀಟಿಗಳನ್ನು ಆರಿಸತೊಡಗಿದಳು, ಅವನ ಮುಖ ನೋಡದೆ. ಹೊರಗೆ ಒಂಬತ್ತರ ಬಸ್ಸು ಬಂದು ನಿಂತ ಸದ್ದಾಯಿತು, ಹೋದ ಸದ್ದೂ ಆಯಿತು. ಚಿಯೊಕೊ ಎದ್ದಳು. ಬುಗ್ಗೆಯ ಕಡೆ ಸ್ವಲ್ಪ ನಡೆದು ಬರೋಣ, ಬೂಟು ಬೇಕು ಎಂದಳು.

ಕಿಸಾಬುರೊ ಬೂಟುಗಳ ಹಳೇ ಗೂಡಿನ ಮುಂದೆ ನಿಂತ. ಹದಿನಾರು ಜೊತೆ ಬೂಟುಗಳು, ಒಂದರಲ್ಲೂ ಚೀಟಿಯಿಲ್ಲ. ಕೈ ಒಂದರ ಕಡೆ ಹೋಯಿತು, ನಿಂತಿತು, ವಾಪಸು ಬಂತು. ಅವನು ತಿರುಗಿ ಒಡತಿಯ ಕಡೆಗೊಮ್ಮೆ ನೋಡಿ, ಅತಿಥಿಯ ಮುಂದೆ ಬಗ್ಗಿದ.

“ನಿಮ್ಮದು ಯಾವುದು ತಾಯಿ?” ಎಂದು ಕೇಳಿದ.